ಎವರ್‌ಗ್ಲೇಡ್ಸ್‌ನಲ್ಲಿ ಟೆಂಟ್ ಹಾಕೋದಾದರೆ ಯಾವ ತಿಂಗಳು, ಯಾವ ಜಾಗ?

ಪ್ರಶ್ನೆ: ನಾವು ಫ್ಲಾರಿಡಾದ ಟ್ಯಾಂಪಾದಲ್ಲಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮದ್ದೂರಿನಿಂದ ಅತ್ತೆ-ಮಾವ ಜೂನ್‌ನಲ್ಲಿ ಬರುತ್ತಿದ್ದಾರೆ, ಡಿಸೆಂಬರ್ ಮೊದಲ ವಾರ ವಾಪಸ್ ಹೋಗುತ್ತಾರೆ. ಅವರನ್ನೂ ಕರೆದುಕೊಂಡು ದಕ್ಷಿಣ ಫ್ಲಾರಿಡಾದ ಜವುಗು ಸೀಮೆಯ ರಾಷ್ಟ್ರೀಯ ಉದ್ಯಾನ ಎವರ್‌ಗ್ಲೇಡ್ಸ್‌ನಲ್ಲಿ ಎರಡು ರಾತ್ರಿ ಟೆಂಟ್‌ನಲ್ಲಿ ಇರಬೇಕು ಅಂತ ಆಸೆ. ಮಕ್ಕಳಿಗೆ ರಜೆ ಇರುವುದರಿಂದ ಜುಲೈ 4ರ ವಾರಾಂತ್ಯ ಅಂದುಕೊಂಡಿದ್ದೇವೆ. ಆದರೆ ಮೊಸಳೆ, ಹೆಬ್ಬಾವಿನ ವಿಡಿಯೋಗಳನ್ನು ನೋಡಿ ಅತ್ತೆ ಹೆದರಿದ್ದಾರೆ. ಟೆಂಟ್ ಸುತ್ತ ನುಸಿಗುಳಿಗೆ ಹಾಕಿದರೆ ಹಾವು ಬರಲ್ಲ ಅಂತ ಸ್ನೇಹಿತರು ಹೇಳಿದರು, ನಿಜವಾ? ಮಾವನಿಗೆ ಮಂಡಿನೋವು. ಅತ್ತೆಗೆ ಶುಗರ್, ಇನ್ಸುಲಿನ್ ತಗೊಳ್ತಾರೆ. ಲಾಂಗ್ ಪೈನ್ ಕೀ, ಫ್ಲೆಮಿಂಗೊ, ಬಿಗ್ ಸೈಪ್ರೆಸ್, ನೀರಿನ ಮೇಲೆ ಕಟ್ಟಿರುವ ಚಿಕೀ, ಇವುಗಳಲ್ಲಿ ನಮಗೆ ಯಾವುದು ಸರಿ? ನಾವು ಇದುವರೆಗೆ ಒಂದೇ ಸಲ ಕ್ಯಾಂಪಿಂಗ್ ಮಾಡಿದ್ದೇವೆ, ಅದೂ ಜಾರ್ಜಿಯಾದ ಬೆಟ್ಟದಲ್ಲಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿ ಮೊಸಳೆ ಇದೆ, ಹೆಬ್ಬಾವಿದೆ, ಹಾವಿದೆ. ಸೊಳ್ಳೆ ಅನ್ನುವ ಪದ ಒಂದು ಕಡೆಯೂ ಇಲ್ಲ. ಜುಲೈ ಅಂತ ಬರೆದಿದ್ದೀರಿ, ಅದರ ಬಗ್ಗೆ ಒಂದು ಚೂರೂ ಹೆದರಿಕೆ ಇಲ್ಲ. ನನಗೆ ದಿಗಿಲಾಗಿದ್ದು ಅಲ್ಲೇ.

ನಾನು ಸಾಗರದ ಕಡೆಯವನು. ಹದಿನಾಲ್ಕು ವರ್ಷದಿಂದ ದಕ್ಷಿಣ ಫ್ಲಾರಿಡಾದಲ್ಲಿ ಜನರನ್ನು ಕ್ಯಾನೂದಲ್ಲಿ ಕರೆದುಕೊಂಡು ಹೋಗುವ ಕೆಲಸ. ಇಷ್ಟು ವರ್ಷದಲ್ಲಿ ಮೊಸಳೆಯಿಂದ ಪ್ರವಾಸ ಕೆಟ್ಟ ಕುಟುಂಬವನ್ನು ನಾನು ನೋಡಿಲ್ಲ. ತಪ್ಪು ತಿಂಗಳಲ್ಲಿ ಬಂದು, ಮಧ್ಯರಾತ್ರಿ ಟೆಂಟ್ ಬಿಟ್ಟು ಕಾರಿನೊಳಗೆ ಕೂತು ಬೆಳಗು ಮಾಡಿದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಬಂದ ಹೊಸದರಲ್ಲಿ, ಒಂದು ಆಗಸ್ಟ್‌ನಲ್ಲಿ, ಬಾಡಿಗೆ ಟೆಂಟ್ ತಗೊಂಡು ಫ್ಲೆಮಿಂಗೊಗೆ ಹೋದೆ. ಮಲೆನಾಡಿನ ಮಳೆ ನೋಡಿದವನು, ನನಗೇನು ಅನ್ನುವ ಜಂಬ. ರಾತ್ರಿ ಎರಡಕ್ಕೆ ಕಾರಿನೊಳಗಿದ್ದೆ. ಕಿಟಕಿ ಇಳಿಸಿದರೆ ಸೊಳ್ಳೆ, ಏರಿಸಿದರೆ ಬೆವರು.

ಹಾಗಾಗಿ ಮೊದಲು ತಿಂಗಳ ವಿಷಯ ಮುಗಿಸೋಣ. ಜಾಗ ಆಮೇಲೆ.

ಎವರ್‌ಗ್ಲೇಡ್ಸ್‌ನಲ್ಲಿ ನಾಲ್ಕು ಋತು ಇಲ್ಲ, ಎರಡೇ. ಹೆಚ್ಚುಕಡಿಮೆ ಮೇ ಮಧ್ಯದಿಂದ ನವೆಂಬರ್‌ವರೆಗೆ ಮಳೆಗಾಲ, ಆಮೇಲೆ ಏಪ್ರಿಲ್‌ವರೆಗೆ ಒಣಗಾಲ. ವರ್ಷಕ್ಕೆ ಸುಮಾರು 60 ಇಂಚು ಮಳೆ, ಅಂದರೆ 1500 ಮಿಲಿಮೀಟರ್. ಆಗುಂಬೆಯವರು ಕೇಳಿದರೆ ನಗ್ತಾರೆ. ಆದರೆ ತೊಂದರೆ ಇರುವುದು ಮಳೆಯಲ್ಲಿ ಅಲ್ಲ, ನೆಲದಲ್ಲಿ. ಆಗುಂಬೆಯಲ್ಲಿ ಬಿದ್ದ ನೀರು ಗಂಟೆಯೊಳಗೆ ಘಟ್ಟ ಇಳಿದು ಹೋಗುತ್ತದೆ. ಇಲ್ಲಿ ಇಳಿಯೋಕೆ ಜಾಗವೇ ಇಲ್ಲ. ಒಂದು ಮೈಲಿಗೆ ಎರಡು ಇಂಚಿನಷ್ಟು ಇಳಿಜಾರು, ಅಷ್ಟೇ. ಫ್ಲೆಮಿಂಗೊಗೆ ಹೋಗುವ ದಾರಿಯಲ್ಲಿ 'ರಾಕ್ ರೀಫ್ ಪಾಸ್, ಎತ್ತರ 3 ಅಡಿ' ಅಂತ ಒಂದು ಬೋರ್ಡ್ ಇದೆ. ಮೂರಡಿಯ ಘಾಟಿ! ಮಾವನವರನ್ನು ಅದರ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೀರಿ.

ಹೀಗಿರುವುದರಿಂದ ಮಳೆಗಾಲದ ನೀರು ಇಡೀ ಬಯಲಿನ ಮೇಲೆ ಹಾಳೆಯ ಹಾಗೆ ಹರಡಿ, ಹುಲ್ಲಿನ ನಡುವೆ ನಿಧಾನವಾಗಿ ತೆಂಕಣ ಕಡಲಿನತ್ತ ಸರಿಯುತ್ತದೆ. ಇಲ್ಲಿಯ ಮೂಲನಿವಾಸಿ ಸೆಮಿನೋಲ್ ಜನ ಇದನ್ನು ಪಹಯೋಕೀ ಅಂತ ಕರೆದರು, ಹುಲ್ಲುನೀರು ಅಂತ ಅರ್ಥ. ಇದು ಕೊಳೆತ ಕೆಸರುಗುಂಡಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಬಹಳ ಕಡೆ ತಳ ಕಾಣುವಷ್ಟು ತಿಳಿನೀರು.

ಜುಲೈನಲ್ಲಿ ಏನಾಗುತ್ತದೆ ನೋಡಿ. ಹಗಲು 90 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಮೈಗೆ ನೂರರ ಮೇಲೆ ಅನ್ನಿಸುತ್ತದೆ. ರಾತ್ರಿಯೂ ತಣ್ಣಗಾಗಲ್ಲ. ಹೆಚ್ಚಿನ ಮಧ್ಯಾಹ್ನಗಳಲ್ಲಿ ಗುಡುಗು, ಮಿಂಚು, ಮಳೆ. ಮೂರಡಿಯೇ ಘಾಟಿ ಆಗಿರುವ ಬಯಲಲ್ಲಿ ಎತ್ತರದ ವಸ್ತು ಅಂದರೆ ನಿಮ್ಮ ಟೆಂಟಿನ ಕಂಬ ಮತ್ತು ನೀವು. ಮಿಂಚಿಗೆ ಟೆಂಟ್ ಆಸರೆ ಅಲ್ಲ. ಕಾರಿನೊಳಗೆ ಹೋಗಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವೂ ಹೌದು. ಇದೆಲ್ಲ ಸಾಲದು ಅಂತ ಲಾಂಗ್ ಪೈನ್ ಕೀ ಕ್ಯಾಂಪ್‌ಗ್ರೌಂಡ್ ಬೇಸಿಗೆಯಲ್ಲಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ತೆಗೆದು ಬೇಸಿಗೆಗೆ ಮೊದಲು ಬಾಗಿಲು ಹಾಕುತ್ತಾರೆ. ಫ್ಲೆಮಿಂಗೊ ವರ್ಷವಿಡೀ ತೆರೆದಿರುತ್ತದೆ. ತೆರೆದಿದೆ ಅಂದ ಮಾತ್ರಕ್ಕೆ ಹೋಗಬೇಕು ಅಂತೇನಿಲ್ಲ ಅಲ್ವಾ?

ಈಗ ಸೊಳ್ಳೆ. ಎವರ್‌ಗ್ಲೇಡ್ಸ್‌ನಲ್ಲಿ ನಲವತ್ತಕ್ಕೂ ಹೆಚ್ಚು ಬಗೆಯ ಸೊಳ್ಳೆಗಳಿವೆ, ಮನುಷ್ಯರನ್ನು ಕಚ್ಚುವುದು ಅದರಲ್ಲಿ ಕೆಲವೇ. ಆ ಕೆಲವೇ ಸಾಕು. ಜಾಗ ಆರಿಸುವಾಗ ಒಂದು ವಿಷಯ ಗೊತ್ತಿದ್ದರೆ ಬಹಳ ಉಪಯೋಗ. ನೀರು ಜಾಸ್ತಿ ಇದ್ದಲ್ಲಿ ಸೊಳ್ಳೆ ಜಾಸ್ತಿ ಅಂತ ನಾವು ಅಂದುಕೊಳ್ತೇವೆ. ಇಲ್ಲಿ ಅದು ಹಾಗಿಲ್ಲ. ಸಿಹಿನೀರು ಸದಾ ನಿಂತಿರುವ ಕಡೆ ಗಂಬೂಸಿಯಾ ಮೀನುಗಳಿವೆ. ನಮ್ಮೂರಲ್ಲಿ ಆರೋಗ್ಯ ಇಲಾಖೆಯವರು ಬಾವಿಗೆ, ತೊಟ್ಟಿಗೆ ತಂದು ಬಿಡ್ತಾರಲ್ಲ, ಅದೇ ಜಾತಿ. ಅದರ ತವರೇ ಅಮೆರಿಕದ ಈ ಭಾಗ. ಸೊಳ್ಳೆಯ ಮರಿಗಳನ್ನು ಅವು ತಿಂದು ಹಾಕುತ್ತವೆ. ಹಾಗಾಗಿ ನೀರಿನ ಮೇಲೆಯೇ ನಡೆಯುವ ಅನ್ಹಿಂಗಾ ಟ್ರೇಲ್‌ನಲ್ಲಿ ಎಷ್ಟೋ ಸಲ ಕಾಟ ಕಡಿಮೆ. ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಥೆ ಬೇರೆ. ಅಲ್ಲಿಯ ಉಪ್ಪುನೀರಿನ ಸೊಳ್ಳೆ ಮೊಟ್ಟೆ ಇಡುವುದು ನೀರಿನಲ್ಲಲ್ಲ, ತೇವದ ಮಣ್ಣಿನಲ್ಲಿ. ಒಂದು ದೊಡ್ಡ ಮಳೆಯೋ ಉಬ್ಬರವೋ ಬಂದು ಆ ಮಣ್ಣು ಮುಳುಗಿದರೆ ಎಲ್ಲ ಒಟ್ಟಿಗೆ ಏಳುತ್ತವೆ. ತಿನ್ನೋಕೆ ಅಲ್ಲಿ ಮೀನೂ ಇರುವುದಿಲ್ಲ. ಫ್ಲೆಮಿಂಗೊ ಇರುವುದು ಆ ಕಾಂಡ್ಲಾ ಅಂಚಿನಲ್ಲೇ. ಅಲ್ಲಿಯ ವಿಸಿಟರ್ ಸೆಂಟರ್‌ನಲ್ಲಿ 'ಸೊಳ್ಳೆ ಮೀಟರ್' ಅಂತ ಒಂದು ಹಲಗೆ ಇಟ್ಟಿದ್ದಾರೆ. ಮುಳ್ಳು 'ಪರವಾಗಿಲ್ಲ'ದಿಂದ ಶುರುವಾಗಿ 'ಹುಚ್ಚು ಹಿಡಿಸುತ್ತೆ' ಅನ್ನುವ ತನಕ ಹೋಗುತ್ತದೆ. ತಮಾಷೆಗೆ ಇಟ್ಟಿದ್ದು, ಆದರೆ ಸುಳ್ಳು ಹೇಳಲ್ಲ.

ಸೊಳ್ಳೆಗಿಂತ ಸಣ್ಣದು ಇನ್ನೊಂದಿದೆ, ಇಂಗ್ಲಿಷ್‌ನಲ್ಲಿ ನೋ-ಸೀ-ಅಮ್ ಅಂತಾರೆ. ಕಾಣದ ನೊರಜು ಅನ್ನಿ. ಮುಂಜಾನೆ, ಸಂಜೆ, ಗಾಳಿ ನಿಂತಾಗ ಬರುತ್ತವೆ. ಸಾಮಾನ್ಯ ಟೆಂಟಿನ ಜಾಲರಿಯ ಕಣ್ಣಿನಲ್ಲಿ ಆರಾಮಾಗಿ ನುಸುಳುತ್ತವೆ. ನನ್ನ ಆಗಸ್ಟ್ ಟೆಂಟಿನಲ್ಲಿ ಆದದ್ದು ಅದೇ. ಟೆಂಟ್ ಕೊಳ್ಳುವಾಗ ನೋ-ಸೀ-ಅಮ್ ಜಾಲರಿ ಅಂತ ಬರೆದಿದೆಯಾ ನೋಡಿ. ಕಾಸು ಉಳಿಸುವ ಜಾಗ ಇದಲ್ಲ.

ಅತ್ತೆಯವರ ಭಯಕ್ಕೆ ಬರೋಣ. ಭಯ ಸುಳ್ಳಲ್ಲ, ಅದರ ಅಳತೆ ಸ್ವಲ್ಪ ಜಾಸ್ತಿಯಾಗಿದೆ.

ನಾವು ಕನ್ನಡದಲ್ಲಿ ಎಲ್ಲವನ್ನೂ ಮೊಸಳೆ ಅಂತೇವೆ. ಇಲ್ಲಿ ಇರುವುದು ಎರಡು. ಕಪ್ಪಗೆ, ಅಗಲ ಮೂತಿಯದು ಅಲಿಗೇಟರ್, ಸಿಹಿನೀರಿನಲ್ಲಿ ಎಲ್ಲೆಲ್ಲೂ ಇದೆ. ಬೂದುಬಣ್ಣ, ಚೂಪು ಮೂತಿಯದು ಅಮೆರಿಕನ್ ಕ್ರೊಕೊಡೈಲ್, ಚೌಳು ನೀರಿನ ಕಡೆ ಇರುತ್ತದೆ. ಫ್ಲೆಮಿಂಗೊ ದೋಣಿಗಟ್ಟೆಯಲ್ಲಿ ಬಿಸಿಲು ಕಾಯಿಸುತ್ತಾ ಮಲಗಿರುವುದನ್ನು ನೋಡಬಹುದು. ಇವೆರಡೂ ಕಾಡಿನಲ್ಲಿ ಒಟ್ಟಿಗೆ ಬದುಕುವ ಜಾಗ ಜಗತ್ತಿನಲ್ಲಿ ದಕ್ಷಿಣ ಫ್ಲಾರಿಡಾ ಒಂದೇ. ರಾಜ್ಯದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ ಅಂತ ವನ್ಯಜೀವಿ ಇಲಾಖೆಯ ಅಂದಾಜು. ಕೆಣಕದೇ ಕಚ್ಚಿ ಆಸ್ಪತ್ರೆಗೆ ಹೋಗಬೇಕಾಗಿ ಬರುವ ಪ್ರಕರಣ ಇಡೀ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ ಎಂಟು.

ಆದರೆ ಈ ಎಂಟನ್ನು ನೋಡಿ ಮೈಮರೆಯಬೇಡಿ, ಯಾಕೆಂದರೆ ನಿಮ್ಮ ಜೊತೆ ನಾಲ್ಕು ವರ್ಷದ ಹುಡುಗ ಇದ್ದಾನೆ. ಅಲಿಗೇಟರ್ ತನಗಿಂತ ಸಣ್ಣದನ್ನು ಬೇಟೆ ಅಂತ ನೋಡುತ್ತದೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಅದು ಚುರುಕು. ಲಾಂಗ್ ಪೈನ್ ಕೀಯಲ್ಲಿ ಕೆರೆ ಇದೆ, ಬಿಗ್ ಸೈಪ್ರೆಸ್‌ನ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳು ಕೆರೆಯ ಸುತ್ತಲೇ ಇವೆ. ನೀರಿನ ಅಂಚಿಗೆ ಹುಡುಗ ಒಬ್ಬನೇ ಹೋಗಬಾರದು, ಹಗಲಲ್ಲೂ ಸಹ. ಕೈ ಹಿಡಿದೇ ಇರಿ. ಕೆರೆಯಂಚಲ್ಲಿ ಪಾತ್ರೆ ತೊಳೆಯಬೇಡಿ, ಉಳಿದ ಅನ್ನ ನೀರಿಗೆ ಎಸೆಯಬೇಡಿ. ಮೀನಿಗೆ ಅನ್ನ ಹಾಕುವುದು ನಮ್ಮವರಿಗೆ ಪುಣ್ಯದ ಕೆಲಸ, ಇಲ್ಲಿ ಅದು ಮೊಸಳೆಗೆ ಮನುಷ್ಯರ ಭಯ ಬಿಡಿಸುವ ಕೆಲಸ. ಅಲಿಗೇಟರ್‌ಗೆ ತಿನ್ನಿಸುವುದು ಫ್ಲಾರಿಡಾದಲ್ಲಿ ಅಪರಾಧವೂ ಹೌದು. ಪಾರ್ಕಿನಲ್ಲಿ ಕನಿಷ್ಠ 15 ಅಡಿ ದೂರ ಇರಬೇಕು ಅಂತ ನಿಯಮ. ನಾನಾದರೆ ಮಕ್ಕಳಿದ್ದಾಗ ಅದರ ಎರಡು ಪಟ್ಟು ದೂರ ಇರ್ತೇನೆ. ಅಂದಹಾಗೆ, ಅದು ಅಟ್ಟಿಸಿಕೊಂಡು ಬಂದರೆ ಅಡ್ಡಾದಿಡ್ಡಿ ಓಡಬೇಕು ಅನ್ನುವುದು ಕಟ್ಟುಕಥೆ. ನೆಟ್ಟಗೆ ದೂರ ಓಡಿ. ನೆಲದ ಮೇಲೆ ಬಹಳ ದೂರ ಅದು ಓಡಲ್ಲ.

ಹೆಬ್ಬಾವು ಬೇರೆ ವಿಷಯ. ಇದು ಇಲ್ಲಿಯದಲ್ಲ, ಸಾಕೋಕೆ ತಂದ ಬರ್ಮೀಸ್ ಪೈಥಾನ್ ಕಾಡು ಸೇರಿ ಬೆಳೆದದ್ದು. ಪಾಪದ ಸಣ್ಣ ಪ್ರಾಣಿಗಳಿಗೆ ಅದು ಯಮ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಪಾರ್ಕಿನ ದಕ್ಷಿಣ ಭಾಗದಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇಕಡ 99ರಷ್ಟು ಕಡಿಮೆಯಾಗಿದೆ. ಮನುಷ್ಯರ ಮಟ್ಟಿಗೆ, ಫ್ಲಾರಿಡಾದ ಕಾಡು ಪೈಥಾನ್ ಯಾರನ್ನೂ ಕೊಂದಿಲ್ಲ. ನಿಮಗೆ ಕಾಣಿಸಿದರೆ ಅದೇ ದೊಡ್ಡ ಸುದ್ದಿ. ಹುಲ್ಲಿನಲ್ಲಿ ಎರಡು ಗಜದಾಚೆ ಇದ್ದರೂ ಗೊತ್ತಾಗಲ್ಲ.

ವಿಷದ ಹಾವು ನಾಲ್ಕು ಬಗೆ: ಡೈಮಂಡ್‌ಬ್ಯಾಕ್ ರ‍್ಯಾಟಲ್‌ಸ್ನೇಕ್, ಪಿಗ್ಮಿ ರ‍್ಯಾಟಲ್‌ಸ್ನೇಕ್, ಕಾಟನ್‌ಮೌತ್, ಕೋರಲ್ ಸ್ನೇಕ್. ನಾಗರಹಾವಿನ ಊರಿನವರಿಗೆ ಹೊಸದಾಗಿ ಹೇಳುವಂಥದ್ದೇನಿಲ್ಲ. ಟಾರ್ಚ್ ಇಲ್ಲದೆ ರಾತ್ರಿ ಕಾಲಿಡಬೇಡಿ, ಕಟ್ಟಿಗೆ ರಾಶಿಗೆ ಕೈ ಹಾಕಬೇಡಿ, ಶೂ ಕೊಡವಿ ಹಾಕಿಕೊಳ್ಳಿ, ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಲಿ. ನುಸಿಗುಳಿಗೆ ಹಾವನ್ನು ತಡೆಯಲ್ಲ. ಬಯಲಲ್ಲಿ ಅದನ್ನು ಹಾಕುವುದು ಡಬ್ಬಿಯ ಮೇಲೆ ಬರೆದಿರುವ ಸೂಚನೆಗೂ ವಿರುದ್ಧ. ಮುಖ್ಯವಾಗಿ, ಅದು ವಿಷ. ನೋಡೋಕೆ ಪೆಪ್ಪರ್‌ಮಿಂಟ್ ಥರ ಇರುವುದನ್ನು ನಾಲ್ಕು ವರ್ಷದ ಮಗು ಬಾಯಿಗೆ ಹಾಕಿಕೊಂಡರೆ ಹಾವಿಗಿಂತ ದೊಡ್ಡ ಅಪಾಯ. ಮನೆಯಲ್ಲೇ ಬಿಟ್ಟು ಬನ್ನಿ.

ಯಾರೂ ಕೇಳದ ಎರಡು ಅಪಾಯ ನಾನೇ ಹೇಳ್ತೇನೆ. ಒಂದು, ಬೆಂಕಿ ಇರುವೆ. ಸಡಿಲ ಮಣ್ಣಿನ ಸಣ್ಣ ಗುಪ್ಪೆ ಕಂಡರೆ ಅದರ ಹತ್ತಿರ ಟೆಂಟ್ ಬೇಡ. ಕಾಲಿಟ್ಟರೆ ಒಂದಲ್ಲ, ನೂರು ಒಟ್ಟಿಗೆ ಕಚ್ಚುತ್ತವೆ, ಮಾರನೇ ದಿನ ಕೀವಿನ ಗುಳ್ಳೆ ಏಳುತ್ತದೆ. ಶುಗರ್ ಇರುವವರ ಕಾಲಿಗೆ ಇದು ಸಣ್ಣ ವಿಷಯ ಅಲ್ಲ. ಅತ್ತೆ ಚಪ್ಪಲಿಯಲ್ಲಿ ಓಡಾಡದೆ ಸಾಕ್ಸ್, ಮುಚ್ಚಿದ ಶೂ ಹಾಕಿಕೊಳ್ಳಲಿ. ಎರಡು, ಪಾಯ್ಸನ್‌ವುಡ್ ಮರ. ಲಾಂಗ್ ಪೈನ್ ಕೀಯ ಪೈನ್ ಕಾಡಿನಲ್ಲಿ ಸಾಮಾನ್ಯ. ಮಲೆನಾಡಿನವರಿಗೆ ಹೊಳಗೇರು ಗೊತ್ತಿರುತ್ತದೆ, ಸೊನೆ ತಾಗಿದರೆ ಮೈಯೆಲ್ಲ ಉರಿದು ಬೊಬ್ಬೆ ಏಳುತ್ತಲ್ಲ, ಅದೇ ಕುಟುಂಬದ್ದು. ಮಾವು, ಗೇರು ಕೂಡ ಅದೇ ಬಳಗ. ತೊಗಟೆಯ ಮೇಲೆ ಕಪ್ಪು ಕಲೆ, ಹೊಳೆಯುವ ಎಲೆ. ಮಳೆ ಬಂದಾಗ ಅದರಡಿ ನಿಲ್ಲಬೇಡಿ. ಸಮಾಧಾನಕ್ಕೆ ಒಂದು ಮಾತು: ಮಲೆನಾಡಿನ ಹಾಗೆ ನೆಲದಿಂದ ಕಾಲಿಗೆ ಹತ್ತುವ ಇಂಬಳ ಇಲ್ಲಿಲ್ಲ.

ಸರಿ, ಹಾಗಾದರೆ ಯಾವಾಗ? ಅತ್ತೆ-ಮಾವ ಡಿಸೆಂಬರ್ ಮೊದಲ ವಾರ ಹೊರಡುತ್ತಾರೆ ಅಂದರೆ ನಿಮಗೆ ಉಳಿದಿರುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ. ಮಕ್ಕಳಿಗೂ ರಜೆ. ಮಳೆ ಹಿಂದೆ ಸರಿದಿರುತ್ತದೆ, ರಾತ್ರಿ ತಣ್ಣಗಿರುತ್ತದೆ. ಒಣಗಾಲದ ಸರಾಸರಿ ಹಗಲು 77, ರಾತ್ರಿ 53 ಡಿಗ್ರಿ ಫ್ಯಾರನ್‌ಹೀಟ್. ಉತ್ತರದ ಚಳಿಗಾಳಿ ನುಗ್ಗಿದರೆ ನಲವತ್ತರ ಹತ್ತಿರಕ್ಕೂ ಇಳಿಯಬಹುದು. ಫ್ಲಾರಿಡಾ ಅಂತ ಬರೀ ಹತ್ತಿ ಬೆಡ್‌ಶೀಟ್ ತಂದು ನಡುಗುವವರು ಪ್ರತಿ ವರ್ಷ ಸಿಗ್ತಾರೆ. ಹಿರಿಯರಿಗೆ ದಪ್ಪ ರಜಾಯಿ ಇರಲಿ.

ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಏನು ಸಿಗಲ್ಲ ಅನ್ನುವುದನ್ನೂ ಹೇಳಬೇಕು. ಎವರ್‌ಗ್ಲೇಡ್ಸ್‌ನ ನಿಜವಾದ ಜಾತ್ರೆ ಫೆಬ್ರವರಿ, ಮಾರ್ಚ್‌ನಲ್ಲಿ. ನೀರು ಬತ್ತುತ್ತಾ ಬಂದಂತೆ ಅಲಿಗೇಟರ್‌ಗಳು ತೋಡಿಕೊಂಡ ಗುಂಡಿಗಳಲ್ಲಿ ಮೀನೆಲ್ಲ ಸೇರುತ್ತದೆ. ಅದರ ಸುತ್ತ ಹಕ್ಕಿಗಳ ಸಂತೆ. ನವೆಂಬರ್ ಕೊನೆಯಲ್ಲಿ ನೀರು ಇನ್ನೂ ಹರಡಿಕೊಂಡಿರುವುದರಿಂದ ಪ್ರಾಣಿಗಳೂ ಚದುರಿರುತ್ತವೆ. ಸೊಳ್ಳೆ ಕಡಿಮೆಯಾಗಿರುತ್ತವೆ, ಪೂರ್ತಿ ಹೋಗಿರಲ್ಲ. ಆದರೂ ಮದ್ದೂರಿನವರಿಗೆ ಒಂದು ಖುಷಿ ಕಾದಿದೆ. ಇಲ್ಲಿಯ ವುಡ್ ಸ್ಟಾರ್ಕ್ ಮತ್ತು ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ ದಾಯಾದಿಗಳು, ಒಂದೇ ಕುಲ. ಬಣ್ಣ ಬೇರೆ, ನೀರಿನಲ್ಲಿ ಕೊಕ್ಕು ತೆರೆದು ಮೀನು ಹುಡುಕುವ ರೀತಿ ಥೇಟ್ ಅದೇ.

ಜಾಗಕ್ಕೆ ಬಂದರೆ, ಚಿಕೀಯನ್ನು ಮೊದಲೇ ತೆಗೆದುಬಿಡೋಣ. ನೀರಿನ ಮೇಲೆ ಕಂಬ ನೆಟ್ಟು ಮಾಡಿದ ಹಲಗೆ ಅಟ್ಟ, ಹತ್ತಡಿಗೆ ಹನ್ನೆರಡಡಿ, ಮೇಲೆ ಸೂರು, ಪಕ್ಕದಲ್ಲಿ ಒಂದು ಶೌಚಾಲಯ. ದೋಣಿಯಲ್ಲೇ ಹೋಗಬೇಕು. ಗೋಡೆ ಇಲ್ಲ, ಕಟಾಂಜನ ಇಲ್ಲ. ರಾತ್ರಿ ಎದ್ದ ಮಗು ಎರಡು ಹೆಜ್ಜೆ ಹಾಕಿದರೆ ನೀರು. ನನಗೆ ಈ ಇಡೀ ಪಾರ್ಕಿನಲ್ಲಿ ಚಿಕೀಗಿಂತ ಇಷ್ಟವಾದ ಜಾಗ ಇಲ್ಲ. ನಿಮ್ಮ ಮಕ್ಕಳು ದೊಡ್ಡವರಾದ ಮೇಲೆ ಬನ್ನಿ.

ಫ್ಲೆಮಿಂಗೊ ದಾರಿಯ ಕೊನೆ, ಪಾರ್ಕಿನ ಬಾಗಿಲಿಂದ 38 ಮೈಲಿ. ಕಡಲು, ಆಕಾಶ, ಎರಡೂ ಬಗೆಯ ಮೊಸಳೆ, ಕಡಲಹಸು ಅನ್ನುವ ಮನಾಟಿ, ಎಲ್ಲ ಅಲ್ಲಿದೆ. 2005ರ ಚಂಡಮಾರುತಗಳಲ್ಲಿ ಹಾಳಾದ ಹಳೇ ಲಾಡ್ಜ್ ಬದಲಿಗೆ 2023ರಲ್ಲಿ ಹೊಸದು ಶುರುವಾಗಿದೆ, ಹಡಗಿನ ಕಂಟೇನರ್‌ಗಳಿಂದ ಕಟ್ಟಿ ಕಂಬದ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಹಾಸಿಗೆ ಇರುವ ಇಕೋ-ಟೆಂಟ್‌ಗಳೂ ಇವೆ. ಹಿರಿಯರು ಲಾಡ್ಜ್‌ನಲ್ಲಿ, ನೀವು ಟೆಂಟ್‌ನಲ್ಲಿ ಇರಬಹುದು. ಒಳ್ಳೇ ಏರ್ಪಾಡು. ಅಪಾಯ ಅಂದರೆ, ಆ ವರ್ಷ ಮಳೆ ತಡವಾಗಿ ನಿಂತಿದ್ದರೆ ನವೆಂಬರ್‌ನಲ್ಲೂ ಸೊಳ್ಳೆ ಮೀಟರ್ ಏರಿರುತ್ತದೆ. ಆಸ್ಪತ್ರೆ ಬೇಕಾದರೆ ಹೋಮ್‌ಸ್ಟೆಡ್‌ಗೆ ಒಂದು ಗಂಟೆ ದಾರಿ, ಮಧ್ಯೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ.

ಲಾಂಗ್ ಪೈನ್ ಕೀ ಬಾಗಿಲಿಂದ ಸುಮಾರು ಏಳು ಮೈಲಿ ಒಳಗೆ. ಹೆಸರಲ್ಲಿ ಕೀ ಇದೆ, ಅಂದರೆ ಕಡಲಿನ ಸಣ್ಣ ದ್ವೀಪ, ಆದರೆ ಕಡಲಿಲ್ಲ. ಹುಲ್ಲುಗಾವಲ ನಡುವೆ ಅಡಿಗಳ ಲೆಕ್ಕದಲ್ಲಿ ಎತ್ತರವಾಗಿರುವ ಸುಣ್ಣಕಲ್ಲಿನ ದಿಬ್ಬ, ಅದರ ಮೇಲೆ ಪೈನ್ ಮರ. ಆ ಕೆಲವು ಅಡಿಗಳೇ ಇಲ್ಲಿ ಬೆಟ್ಟ. ಒಣನೆಲ, ಗಾಳಿ, ಕಾಂಡ್ಲಾದಿಂದ ದೂರ. ತೊಂದರೆ ಒಂದೇ, ನೆಲ ಕಲ್ಲು. ಸಾಮಾನ್ಯ ಗೂಟ ಇಳಿಯಲ್ಲ, ಬಾಗಿಹೋಗುತ್ತದೆ. ಗೂಟ ಇಲ್ಲದೆಯೂ ತಾನೇ ನಿಲ್ಲುವ ಟೆಂಟ್, ಗಟ್ಟಿ ಉಕ್ಕಿನ ಗೂಟ, ಒಂದು ಸುತ್ತಿಗೆ ತನ್ನಿ. ಅನ್ಹಿಂಗಾ ಟ್ರೇಲ್ ಹತ್ತಿರದಲ್ಲೇ ಇದೆ, ದಾರಿ ಚಿಕ್ಕದು, ಸಮತಟ್ಟು. ಮಂಡಿನೋವಿನವರಿಗೆ ಇದಕ್ಕಿಂತ ಸುಲಭದ ಜಾಗ ಎವರ್‌ಗ್ಲೇಡ್ಸ್‌ನಲ್ಲಿ ಇನ್ನೊಂದಿಲ್ಲ.

ಬಿಗ್ ಸೈಪ್ರೆಸ್ ಪಕ್ಕದ ಬೇರೆ ಪಾರ್ಕು, 1974ರಲ್ಲಿ ಆದದ್ದು. ಟ್ಯಾಂಪಾದಿಂದ ನಿಮಗೆ ಹತ್ತಿರ. ಅಲ್ಲಿಯ ಮಿಡ್‌ವೇ, ಮಾನ್ಯುಮೆಂಟ್ ಲೇಕ್ ಕ್ಯಾಂಪ್‌ಗ್ರೌಂಡ್‌ಗಳೆರಡೂ ಟಾಮಿಯಾಮಿ ಟ್ರೇಲ್ ರಸ್ತೆಗೆ ಅಂಟಿಕೊಂಡೇ ಇವೆ. ಅದು ಅನುಕೂಲವೂ ಹೌದು, ರಾತ್ರಿ ಲಾರಿ ಸದ್ದೂ ಹೌದು. ಕತ್ತಲ ಆಕಾಶಕ್ಕೆ ಹೆಸರಾದ ಜಾಗ, ನಕ್ಷತ್ರ ನೋಡೋಕೆ ಇಲ್ಲೇ ಬರಬೇಕು. ಕರಡಿಗಳಿವೆ, ಹಾಗಾಗಿ ಊಟದ ಸಾಮಾನು ಟೆಂಟ್‌ನಲ್ಲಿ ಇಡುವ ಹಾಗಿಲ್ಲ.

ಇಲ್ಲಿ ದುಡ್ಡಿನ ಮಾತೂ ಬರುತ್ತದೆ. 2026ರ ಜನವರಿ 1ರಿಂದ ಎವರ್‌ಗ್ಲೇಡ್ಸ್ ಸೇರಿ ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ, ಅಮೆರಿಕದಲ್ಲಿ ವಾಸವಿಲ್ಲದ 16 ವರ್ಷ ಮೇಲ್ಪಟ್ಟವರಿಗೆ ಪ್ರವೇಶದ ಜೊತೆ ತಲೆಗೆ 100 ಡಾಲರ್ ಜಾಸ್ತಿ ಇದೆ. ಅತ್ತೆ-ಮಾವ ಇಬ್ಬರಿಗೆ 200 ಆಯಿತು. ಪಾಸ್ ತಗೊಂಡರೆ ಲೆಕ್ಕ ಬೇರೆಯಾಗಬಹುದು, ಬುಕ್ ಮಾಡುವ ಮೊದಲು ಪಾರ್ಕಿನ ಸೈಟ್‌ನಲ್ಲಿ ನೋಡಿಕೊಳ್ಳಿ. ಬಿಗ್ ಸೈಪ್ರೆಸ್‌ಗೆ ಪ್ರವೇಶ ಶುಲ್ಕವೇ ಇಲ್ಲ, ಟೆಂಟ್ ಹಾಕೋಕೆ ಮಾತ್ರ ಕೊಡಬೇಕು.

ನನ್ನನ್ನು ಕೇಳಿದರೆ ಹೀಗೆ ಮಾಡಿ. ನವೆಂಬರ್ ಮೊದಲ ವಾರಗಳಲ್ಲಿ ನಿಮ್ಮ ಮನೆಗೆ ಹತ್ತಿರದ ಮಯಾಕಾ ರಿವರ್ ಸ್ಟೇಟ್ ಪಾರ್ಕಿನಲ್ಲಿ ಒಂದೇ ರಾತ್ರಿ ಇದ್ದು ಬನ್ನಿ. ಅದೂ ಜವುಗು ಸೀಮೆಯೇ, ನದಿ, ಕೆರೆ, ಅಲಿಗೇಟರ್ ಎಲ್ಲ ಇದೆ, 1930ರ ದಶಕದ ಮರದ ಕ್ಯಾಬಿನ್‌ಗಳೂ ಇವೆ. ಫ್ಲಾರಿಡಾ ನಿವಾಸಿಗಳು ರಾಜ್ಯದ ಪಾರ್ಕುಗಳಲ್ಲಿ 11 ತಿಂಗಳು ಮೊದಲೇ ಬುಕ್ ಮಾಡಬಹುದು, ಬೇರೆಯವರಿಗಿಂತ ಒಂದು ತಿಂಗಳು ಮುಂಚೆ. ಆ ಒಂದು ರಾತ್ರಿಯಲ್ಲಿ ಮಾವ ಕ್ಯಾಂಪ್ ಮಂಚದಿಂದ ಎದ್ದು ಟೆಂಟಿನ ಬಾಗಿಲು ದಾಟಬಲ್ಲರಾ, ಕತ್ತಲಲ್ಲಿ ಶೌಚಾಲಯಕ್ಕೆ ಹೋಗಿ ಬರೋದು ಹೇಗೆ, ಗೊತ್ತಾಗುತ್ತದೆ. ನೆಲದ ಚಾಪೆ ಅವರಿಗೆ ಬೇಡವೇ ಬೇಡ. ಮನೆ ಗಂಟೆ ದೂರದಲ್ಲಿದ್ದಾಗ ಸೋಲುವುದು ಸುಲಭ.

ಅದು ಸರಿಹೋದರೆ ಥ್ಯಾಂಕ್ಸ್‌ಗಿವಿಂಗ್‌ಗೆ ಲಾಂಗ್ ಪೈನ್ ಕೀ. ಸರಿಹೋಗದಿದ್ದರೆ ಹಿರಿಯರಿಗೆ ಪಾರ್ಕಿನ ಹೊರಗೆ ಹತ್ತಿರದ ಊರುಗಳಾದ ಫ್ಲಾರಿಡಾ ಸಿಟಿಯಲ್ಲೋ ಹೋಮ್‌ಸ್ಟೆಡ್‌ನಲ್ಲೋ ಹೋಟೆಲ್ ಮಾಡಿ. ಹಗಲೆಲ್ಲ ಜೊತೆಗಿದ್ದು, ಊಟ ಮಾಡಿ, ಕತ್ತಲಾಗುವ ಮೊದಲು ಒಬ್ಬರು ಬಿಟ್ಟು ಬಂದರೆ ಆಯಿತು. ಸುಮ್ನೆ ಬಲವಂತ ಮಾಡಬೇಡಿ.

ಆ ಸಮಯದಲ್ಲಿ ಸೂರ್ಯ ಮುಳುಗುವುದು ಐದೂವರೆಗೆ. ಸೊಳ್ಳೆ ಏಳುವುದೂ ಆಗಲೇ. ಹಾಗಾಗಿ ರಾತ್ರಿ ಊಟ ನಾಲ್ಕೂವರೆಗೆ ಮುಗಿಸುವ ಲೆಕ್ಕ ಇಟ್ಟುಕೊಳ್ಳಿ. ಅತ್ತೆಯ ಇನ್ಸುಲಿನ್ ಹೊತ್ತಿಗೆ ಇದು ಹೊಂದುತ್ತದಾ ಅಂತ ಅವರ ಡಾಕ್ಟರನ್ನು ಮೊದಲೇ ಕೇಳಿ, ರಾತ್ರಿಗೆ ಒಂದು ಲಘು ತಿಂಡಿ ಬೇಕಾಗಬಹುದು. ಇನ್ಸುಲಿನ್ ತಣ್ಣಗಿರಲಿ, ಆದರೆ ಐಸ್‌ಗೆ ನೇರವಾಗಿ ತಾಗಬಾರದು, ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ. ಪುಳಿಯೋಗರೆ ಗೊಜ್ಜು, ಮೆಂತ್ಯ ಚಪಾತಿ ಮನೆಯಿಂದ ತಂದರೆ ಒಲೆ ಹಚ್ಚುವ ಕೆಲಸ ಅರ್ಧ ಕಡಿಮೆ. ಊಟವೆಲ್ಲ ಕಾರಿನೊಳಗೆ ಬೀಗ ಹಾಕಿ ಇಡಿ. ಕುಡಿಯುವ ನೀರು ಕ್ಯಾಂಪ್‌ಗ್ರೌಂಡ್‌ನಲ್ಲಿ ಸಿಗುತ್ತದೆ, ಆದರೂ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ ಕಾರಿನಲ್ಲಿರಲಿ. ಪೆಟ್ರೋಲ್ ಫ್ಲಾರಿಡಾ ಸಿಟಿಯಲ್ಲೇ ತುಂಬಿಸಿ.

ಟೆಂಟ್ ಬಿಟ್ಟು ಇನ್ನೊಂದೇ ವಸ್ತು ಕೊಳ್ಳಿ ಅಂದರೆ ನಾನು ಹೇಳುವುದು ಸ್ಕ್ರೀನ್ ರೂಮ್, ಸುತ್ತ ಜಾಲರಿ ಇರುವ ಮಂಟಪ. ಸಂಜೆ ಆರರಿಂದ ಒಂಬತ್ತರವರೆಗೆ ಆರು ಜನ ಇಸ್ಪೀಟೋ ಚೌಕಾಬಾರವೋ ಆಡುತ್ತಾ ಕೂರೋಕೆ ಅದಿಲ್ಲದಿದ್ದರೆ ಆಗಲ್ಲ. ಮೈಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಔಷಧಿ ಹಚ್ಚಿ. ಮಕ್ಕಳಿಗೆ ಶೇಕಡ 30ಕ್ಕಿಂತ ಜಾಸ್ತಿ ಡೀಟ್ ಬೇಡ, ಪುಟ್ಟವನ ಅಂಗೈಗೆ ಹಚ್ಚಬೇಡಿ, ಕಣ್ಣು ಉಜ್ಜಿಕೊಳ್ತಾನೆ. ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಔಷಧಿ ಮೇಲೆ. ಬೆಳ್ಳುಳ್ಳಿ ತಿಂದರೆ ಸೊಳ್ಳೆ ಬರಲ್ಲ ಅನ್ನುವವರ ಪಕ್ಕ ನಾನು ಕೂತಿದ್ದೇನೆ. ಬರುತ್ತವೆ.

ಜುಲೈ 4ಕ್ಕೆ ಮಕ್ಕಳನ್ನು ಎಲ್ಲಾದರೂ ಕರೆದುಕೊಂಡು ಹೋಗಲೇಬೇಕು ಅಂದರೆ ಉತ್ತರಕ್ಕೆ ಹೋಗಿ, ದಕ್ಷಿಣಕ್ಕೆ ಬೇಡ. ರೇನ್‌ಬೋ ಸ್ಪ್ರಿಂಗ್ಸ್‌ನಂಥ ಚಿಲುಮೆಗಳಲ್ಲಿ ನೀರು ವರ್ಷವಿಡೀ 72 ಡಿಗ್ರಿ. ಬೆಳಿಗ್ಗೆ ಬೇಗ ಹೋಗಿ ಈಜಿ, ಗುಡುಗು ಶುರುವಾಗುವ ಮೊದಲು ಮನೆ ಸೇರಿ.

ಥ್ಯಾಂಕ್ಸ್‌ಗಿವಿಂಗ್ ಗುರುವಾರದಿಂದ ಭಾನುವಾರದ ತನಕ ಜಾಗ ಬೇಗ ತುಂಬುತ್ತದೆ. ಬುಕಿಂಗ್ ತೆರೆದ ದಿನವೇ ಕೂತು ಮಾಡಿ. ಸಿಗದಿದ್ದರೆ ಅದೇ ವಾರದ ಸೋಮವಾರ, ಮಂಗಳವಾರ ನೋಡಿ. ಶೌಚಾಲಯಕ್ಕೆ ಹತ್ತಿರದ, ಕೆರೆಗೆ ದೂರದ ಸೈಟ್ ಆರಿಸಿ. ಅನ್ಹಿಂಗಾ ಟ್ರೇಲ್‌ನ ಪಾರ್ಕಿಂಗ್‌ನಲ್ಲಿ ಟಾರ್ಪಾಲಿನ್ ಇಟ್ಟಿರುತ್ತಾರೆ, ತಗೊಂಡು ಕಾರಿಗೆ ಹೊದಿಸಿ ಹಗ್ಗ ಬಿಗಿಯಿರಿ. ಅಲ್ಲಿಯ ರಣಹದ್ದುಗಳಿಗೆ ವೈಪರ್ ರಬ್ಬರ್ ಅಂದರೆ ಪ್ರಾಣ.